ತಾಟಿನ ಅಂಚಿನ ಕರಿಬೇವು

ಹೊರಗಿನಿಂದ ಬಂದವರಿಗೆಲ್ಲ ಆ ಪಟ್ಟಣದಲ್ಲಿ ಸರ್ಕಾರವೇ ಹೊಸ ಮುಖ ಕೊಡುತ್ತಿತ್ತು, ಎಲ್ಲರಿಗೂ ಒಂದೇ ಮುಖ. ಹಾಗಾಗಿ ಕಾಲೇಜಿಗೆಂದು ಬಂದು ಕಾಣೆಯಾದ ಶಾಂಭವಿಯ ಫೋಟೊದಿಂದ ಪತ್ತೇದಾರ ಗುರುಪಾದನಿಗೆ ಮೂರು ಕಾಸಿನ ಉಪಯೋಗವಿರಲಿಲ್ಲ. "ಆಕಿ ಕರಿಬೇವು ತಿನ್ನಂಗಿಲ್ರಿ, ತಾಟಿನ ಅಂಚಿಗೆ ಸರಿಸಿ ಇಡತಾಳ," ಎಂದು ಊರಿನಿಂದ ತಾಯಿ ಹೇಳಿದ್ದೊಂದೇ ಗುರುತು.

ವಲಸಿಗರ ಕೇರಿಯ ಖಾನಾವಳಿಗೆ ಹೋದವನೇ, ಬಡಿಸುತ್ತಿದ್ದ ಈರವ್ವನನ್ನು ಎಲ್ಲರೆದುರೇ ಕೇಳಿ ಕೆಲಸ ಕೆಡಿಸಿಕೊಂಡ: "ಕರಿಬೇವು ತಿನ್ನದ ಹುಡುಗಿ ಯಾರವ್ವಾ ಇಲ್ಲಿ?"

"ಪೊಲೀಸ್ರೇನ್ರಿ?"

"ಅಲ್ಲವ್ವಾ, ಅವರವ್ವ ಕಳಿಸ್ಯಾಳ."

"ಎಲ್ಲಾ ಪೊಲೀಸ್ರೂ ಹಂಗ ಅಂತಾರ."

ಊಟಕ್ಕೆ ಕೂತವರು ತಲೆ ಎತ್ತಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಸಾರಿನೊಳಗಿನ ಕರಿಬೇವನ್ನು ಆರಿಸಿ ತಾಟಿನ ಅಂಚಿಗಿಟ್ಟರು.

ಅಷ್ಟರಲ್ಲಿ ತಾಯಿಯ ಫೋನು ಬಂತು. ಸಿಕ್ಕಳು ಎನ್ನಲಾಗದೆ, ಸಿಗಲಿಲ್ಲ ಎನ್ನಲೂ ಆಗದೆ, ಅದು ಬಡಕೊಂಡು ಬಡಕೊಂಡು ಸುಮ್ಮನಾಗುವವರೆಗೂ ಗುರುಪಾದ ಆ ತಾಟುಗಳ ನಡುವೆ ನಿಂತೇ ಇದ್ದ.