ನೀರು ಕುಡಿಯದ ಕಾಲು

ನಡು ಹೊಳೆಯಿಂದ ವಾಪಸು ಬಂದ ಜುಂಜಣ್ಣನ ಬಲಪಾದ ಊದಿ, ಭಾರವಾಗಿ, ಬಿರುಕು ಬಿಟ್ಟಿತ್ತು. ಅದೇನು ಹುಟ್ಟಿನ ಪಾದವಲ್ಲ. ಹಿರಿಯೂರಿನ ಹೆದ್ದಾರಿಯಲ್ಲಿ ಲಾರಿ ಹರಿದು ಪಾದ ಹೋದ ಮೇಲೆ, ಹೆಂಡತಿ ಕಾಟಮ್ಮ ಒಡೆದ ಪ್ಲಾಸ್ಟಿಕ್ ಬಕೆಟ್ ಕರಗಿಸಿ, ತೆಂಗಿನ ನಾರು ಬೆರೆಸಿ, ಮಣ್ಣಿನ ಅಚ್ಚಿಗೆ ಹೊಯ್ದು ಮಾಡಿಕೊಟ್ಟಿದ್ದು.

"ನೀರು ಕುಡುದು ಬಸುರಿ ಆಗೈತೆ ನೋಡೇ ನಿನ್ ಕಾಲು," ಎಂದು ನಕ್ಕ.

ಕಾಟಮ್ಮನಿಗೆ ನಗು ಬರಲಿಲ್ಲ. ಮೇವೆಲ್ಲ ವೇದಾವತಿ ಹೊಳೆಯ ಆಚೆ ದಡದಲ್ಲಿ. ಮುಂದಿನ ಸಲವೂ ದಾಟಲಾಗದಿದ್ದರೆ, ಮೇಯಿಸಲಾರದವನೆಂದು ಕುರಿಮಂದೆ ಮೈದುನನ ಪಾಲು. ಮಂದೆ ಬಿಟ್ಟು ಗಂಡ ಬದುಕುವವನಲ್ಲ.

"ಆದ್ರೂ ಅದು ನೆನೆಯೋವಾಗ," ಜುಂಜಣ್ಣ ಕಣ್ಣು ಮುಚ್ಚಿ ಕನವರಿಸುವವನಂತೆ ಹೇಳಿದ, "ನನ್ ಹಳೇ ಕಾಲೇ ನೆನೆದಂಗಾತು ಕಣೇ. ಬೆರಳ ಸಂದ್ಯಾಗೆಲ್ಲ ತಣ್ಣನೆ ಮರಳು."

ಕಾಟಮ್ಮ ಪಾದವನ್ನು ಬಿಸಿಲಿಗಿಟ್ಟು ಕುಳಿತಳು. ತಪ್ಪು ತನ್ನ ಕೈಯದೇ. ಹಗ್ಗ ಹೊಸೆಯುವವಳಿಗೆ ನಾರು ಕಂಡರೆ ನೀರು ಚಿಮುಕಿಸುವ ಚಾಳಿ, ಪಾದ ಹೊಯ್ದ ದಿನವೂ ಚಿಮುಕಿಸಿಬಿಟ್ಟಿದ್ದಳು. ಆ ತೇವ ಆವಿಯಾಗಿ ಪಾದದ ಒಳಗೆಲ್ಲ ತೂತು ಬಿದ್ದಿತ್ತು, ತೂತಿನ ತುಂಬ ಬಾಯಾರಿದ ನಾರು. ಪಾದ ಚೆನ್ನಾಗಿ ಒಣಗಿದ ಮೇಲೆ ಕೊಡಲಿ ತಂದಳು.

"ಅಯ್ಯೋ, ಮತ್ತೆ ಕಾಲು ಕಡೀತೀಯೇನೇ?"

"ಸುಮ್ಕಿರು. ಕಡಿದೇ ಹೊಳೆ ದಾಟ್ಸೋದು."

ಚೂರುಗಳನ್ನು ಮತ್ತೆ ಕರಗಿಸಿ ತಿರುವಿದಳು, ಒಂದು ಹನಿ ನೀರೂ ಸೋಕದಂತೆ. ನಾರು ಮುರಿದು ಸಣ್ಣ ಸಣ್ಣ ಎಳೆಯಾಯಿತು. ಒಂದೊಂದು ಎಳೆಗೂ ಪ್ಲಾಸ್ಟಿಕ್ಕು ಕಂಬಳಿಯಂತೆ ಸುತ್ತಿಕೊಂಡಿತು. ಅಚ್ಚಿನಿಂದ ಹೊಸ ಪಾದ ನುಣ್ಣಗೆ, ಗಟ್ಟಿಯಾಗಿ ಬಂತು.

ಮಂಜು ಮುಸುಕಿದ ಮುಂಜಾನೆ ಕುರಿಗಳು ಹೊಳೆಗಿಳಿದವು. ದಡ ಯಾವುದು, ನೀರು ಯಾವುದು ಎಂದೇ ತಿಳಿಯುತ್ತಿರಲಿಲ್ಲ. ಅವುಗಳ ನಡುವೆ ಜುಂಜಣ್ಣ ತೇಲಿದ ಹಾಗೆ ನಡೆದು ಆಚೆ ಮುಟ್ಟಿದ. ಹಿಂದೆಯೇ ದಾಟಿದ ಕಾಟಮ್ಮ ಪಾದ ಮುಟ್ಟಿ ನೋಡಿದಳು. ಊದಿರಲಿಲ್ಲ. ಸಂತೋಷಕ್ಕೆ ಅವಳ ಕಣ್ಣು ತುಂಬಿತು. ಗಂಡ ಮಾತ್ರ ಬಂಡೆಯ ಮೇಲೆ ಮಂಕಾಗಿ ಕುಳಿತಿದ್ದ.

"ಮಂದೆ ನಮ್ದೇ ಆತು ಬಿಡು. ಆದ್ರೆ ಈ ಕಾಲಿಗೆ ಹೊಳೆ ಗೊತ್ತೇ ಆಗ್ಲಿಲ್ಲ ಕಣೇ. ನನ್ ಹಳೇ ಕಾಲು ಇನ್ ಬರಾಕಿಲ್ಲ."

ಕಾಟಮ್ಮ ಬೊಗಸೆಯಲ್ಲಿ ನೀರು ತಂದು ಆ ಪಾದದ ಮೇಲೆ ಮೆಲ್ಲಗೆ ಸುರಿದಳು. ಬೆರಳಿಲ್ಲದ ತುದಿಯನ್ನು ಬೆರಳ ಸಂದಿ ತೊಳೆಯುವಂತೆ ಉಜ್ಜಿದಳು. ನೀರು ಒಂದಿಷ್ಟೂ ನಿಲ್ಲದೆ ಜಾರಿಹೋಯಿತು.

ಜುಂಜಣ್ಣ ಬೆಚ್ಚಿ ಕಾಲು ಹಿಂದಕ್ಕೆಳೆದುಕೊಂಡ.

"ಏಯ್! ತಣ್ಣಗೈತೆ."