ಕಡಲ ಕಡೆಯ ಬಾಗಿಲು

ಸೈರನ್ ಕೂಗಿದ ಮೇಲೆ ಎಂದಿನಂತೆ ಚಾವಡಿಯಲ್ಲಿ ಐದು ವೀಳ್ಯದೆಲೆ ಹಾಸಿ, ಸುಣ್ಣ ಹಚ್ಚಿ, ಅಡಿಕೆಯಿಟ್ಟೆ. ನಮ್ಮ ಕಡಲತೀರಕ್ಕೆ ಈಗ ತಿಂಗಳಿಗೊಂದು ಚಂಡಮಾರುತ. ಸತ್ತ ಹೆಂಗಸರು ಬಿಟ್ಟುಹೋಗದ ಮನೆಗಳಷ್ಟೇ ನಿಂತಿವೆ. ನಮ್ಮಲ್ಲಿ ಮುತ್ತಜ್ಜಿಯಿಂದ ಹಿಡಿದು ದೊಡ್ಡಮ್ಮನವರೆಗೆ ಐವರಿದ್ದಾರೆ. ಎಲೆ ಮಾಯವಾಯಿತೆಂದರೆ ಅವರು ತಮ್ಮ ತಮ್ಮ ಪಾಲಿನ ಹೆಂಚು, ಗೋಡೆ ಹಿಡಿದುಕೊಂಡರು ಎಂದರ್ಥ.

ಎಲೆ ಐದೂ ಮಾಯವಾದವು. ಆದರೂ ಗಾಳಿ ಬಂದದ್ದೇ ಕಡಲ ಕಡೆಯ ಬಾಗಿಲು ಕಿತ್ತುಬರುವಂತೆ ಬಡಿದುಕೊಳ್ಳತೊಡಗಿತು. ನಾನೂ ಮಗಳು ಸುಪ್ರೀತಳೂ ಅದಕ್ಕೆ ಬೆನ್ನು ಕೊಟ್ಟು ನಿಂತೆವು. ಸಂದಿಯಿಂದ ಉಪ್ಪುನೀರು ಒಳಗೆ ನುಗ್ಗಿತು.

"ಈ ಬಾಗಿಲು ಯಾರದ್ದಮ್ಮ?" ಸುಪ್ರೀತ ಕೂಗಿದಳು.

"ನನ್ನ ಅಮ್ಮನದ್ದು. ಪ್ರತಿ ಸಲ ಅವಳೇ ಬೆನ್ನು ಕೊಡುದು."

"ಅಮ್ಮಮ್ಮನಿಗೆ ಎಲೆ ಇಟ್ಟಿದ್ದೀಯಾ?"

ಅಮ್ಮ ತೀರಿಕೊಂಡು ಇನ್ನೂ ಇಪ್ಪತ್ತು ದಿನ. ಇನ್ನು ಅವಳಿಗೂ ಎಲೆ ಇಡಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಹೊಳೆದಿದ್ದರೂ ಕೈ ಬರುತ್ತಿರಲಿಲ್ಲ.

"ಅವಳು ಎಲೆ ತಿನ್ನುದಿಲ್ಲ ಮಾರಾಯ್ತಿ," ಎಂದು ರೇಗಿದೆ.

"ಹಾಗಾದ್ರೆ ಚಾ ಇಡು!"

ಬಾಗಿಲನ್ನು ಅವಳೊಬ್ಬಳಿಗೇ ಬಿಟ್ಟು ಓಡಿದೆ. ಬೆಳಗ್ಗಿನ ಆರಿದ ಚಾವನ್ನೇ ಲೋಟಕ್ಕೆ ಸುರಿದು, ಎಲೆ ಹಾಸಿದ್ದ ಕಡೆ ಇಟ್ಟು, "ಅಮ್ಮ, ಬಾ," ಎಂದೆ.

ಬಡಿತ ನಿಂತಿತು. ಅಗುಳಿ ತಾನಾಗಿ ಹಾಕಿಕೊಂಡಿತು. ಸುಪ್ರೀತ ಮೆಲ್ಲನೆ ಬೆನ್ನು ತೆಗೆದಳು, ಬಾಗಿಲು ಅಲುಗಲಿಲ್ಲ. ನಾನು ಒದ್ದೆ ನೆಲದ ಮೇಲೇ ಕುಸಿದು ಕೂತು, ಇಪ್ಪತ್ತು ದಿನದಲ್ಲಿ ಮೊದಲ ಸಲ ಪೂರ್ತಿ ಉಸಿರು ಬಿಟ್ಟೆ.

ಲೋಟ ಖಾಲಿಯಾಗಿತ್ತು. ಯಾವಾಗಲೂ ಮಾಡುತ್ತಿದ್ದಂತೆ, ಅಮ್ಮ ಅದನ್ನು ತೊಳೆದು ಬೋರಲು ಹಾಕಿದ್ದಳು.