ಕಟ್ಟೆಯ ಕೆಳಗಿನ ಹಳೇ ಚಪ್ಪಲಿ

ಹೊಸ ಮನೆಯ ಚಂದದ ಚಿತ್ರ ನೋಡಿ ಮರುಳಾಗಿದ್ದೀರಾ? ಹಾಗಾದರೆ ಸ್ವಲ್ಪ ಬಿಡುವು ಮಾಡಿಕೊಂಡು ಇದನ್ನು ಪೂರ್ತಿ ಓದಿ...

ಹುಬ್ಬಳ್ಳಿಯ ಒಬ್ಬ ಬಿಲ್ಡರ್ ಆಫೀಸಿನಲ್ಲಿ ದಾಕ್ಷಾಯಿಣಿ ಎಂಬ ಹುಡುಗಿ ಕೆಲಸಕ್ಕಿದ್ದಳು. ಇನ್ನೂ ಪಾಯವನ್ನೇ ತೋಡದ ಅಪಾರ್ಟ್‌ಮೆಂಟನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಚಿತ್ರ ಮಾಡಿ ಕೊಡುವುದು ಅವಳ ಕೆಲಸ.

ಅಂಗೈಯಲ್ಲಿ ಅರಮನೆ ತೋರಿಸುವುದು ಅಂತೀವಲ್ಲ... ಅವಳಿಗೆ ಸಂಬಳ ಬರುತ್ತಿದ್ದುದೇ ಅದಕ್ಕೆ.

ಒಂದು ದಿನ ಅವಳು ಮಾಡಿದ ಚಿತ್ರ ನೋಡಿ ಮಾಲೀಕರು ಮುಖ ಸಿಂಡರಿಸಿದರು.

"ಏನವಾ ಇದು, ಗೊಂಬಿ ಮನಿ ಆಗೇತಿ. ಆಕಾಶ ನೋಡಿದ್ರ ಪ್ಲಾಸ್ಟಿಕ್, ಹುಲ್ಲು ನೋಡಿದ್ರ ಕಾರ್ಪೆಟ್. ನೋಡಿದ ಮಂದಿ ಇದು ಫೋಟೋನ ಅನಬೇಕು."

ಮಾತು ಚುಚ್ಚಿತು. ಹಟಕ್ಕೆ ಬಿದ್ದು ಊರಿನ ಓಣಿಗಳನ್ನೆಲ್ಲ ಸುತ್ತಿದಳು, ಕಣ್ಣಿಟ್ಟು ನೋಡಿದಳು. ನಿಜವಾದ ಜಗತ್ತು ಅಷ್ಟೊಂದು ಸ್ವಚ್ಛವಾಗಿರುವುದಿಲ್ಲ ಎಂಬುದು ಆಗ ಹೊಳೆಯಿತು.

ಬಂದವಳೇ ಚಿತ್ರದ ಗೋಡೆಗೆ ಮಳೆನೀರಿನ ಕರೆ ಎಳೆದಳು... ನಿಂತ ಸ್ಕೂಟರಿನ ಕೆಳಗೆ ಒಂದಿಷ್ಟು ಎಣ್ಣೆ ಸುರಿಸಿದಳು... ಆಕಾಶಕ್ಕೆ ನಮ್ಮ ಕಡೆಯ ಧೂಳಿನ ಬಣ್ಣ ಬಳಿದಳು.

ಆದರೂ ಏನೋ ಕೊರತೆ. ಮುಂದಿನ ಅಂಗಳ ಬೋಳುಬೋಳು. ನೆರಳಿಲ್ಲದಿದ್ದರೆ ಬಿಸಿಲು ಬಿಸಿಲಿನ ಹಾಗೆ ಕಾಣುವುದಿಲ್ಲ.

ಅಲ್ಲೊಂದು ದೊಡ್ಡ ಬೇವಿನ ಮರ ತಂದು ನಿಲ್ಲಿಸಿದಳು. ಬುಡಕ್ಕೆ ಕಟ್ಟೆ, ಕಟ್ಟೆಯ ಮೇಲೆ ಉದುರಿದ ಹಳದಿ ಎಲೆ. ಕೊನೆಗೆ ಕಟ್ಟೆಯ ಕೆಳಗೆ ಯಾರೋ ಬಿಟ್ಟು ಕೂತ ಹಾಗೆ ಒಂದು ಜೊತೆ ಹಳೇ ಚಪ್ಪಲಿ.

ಅಷ್ಟೇ... ಚಿತ್ರಕ್ಕೆ ಜೀವ ಬಂತು.

ಆ ಜಾಗದಲ್ಲಿ ಮರವಿಲ್ಲ, ಮುಂದೆ ಬರುವುದು ಟ್ರಾನ್ಸ್‌ಫಾರ್ಮರ್ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. 'ಚಿತ್ರ ತಾನೇ, ಇರಲಿ ಬಿಡು' ಅಂದುಕೊಂಡಳು. ಮೂಲೆಯಲ್ಲಿ ಇರುವೆಯಂಥ ಅಕ್ಷರದಲ್ಲಿ 'ಕಾಲ್ಪನಿಕ ಚಿತ್ರ' ಎಂದು ಹಾಕುತ್ತಾರಲ್ಲ, ಮನಸ್ಸಿಗೆ ಅದೊಂದು ಸಮಾಧಾನ.

ಮಾಲೀಕರು ಹಿಗ್ಗಿಹೋದರು. ಚಿತ್ರವನ್ನು ಬ್ರೋಷರಿನಲ್ಲಿ ಅಚ್ಚು ಹಾಕಿಸಿ, ಆಳೆತ್ತರದ ಫ್ಲೆಕ್ಸೂ ಮಾಡಿಸಿ ಸೈಟಿನ ಗೇಟಿಗೆ ಕಟ್ಟಿಸಿದರು. ಮನೆಗಳು ಬಿಸಿ ಬಿಸಿ ಮಿರ್ಚಿಯ ಹಾಗೆ ಖರ್ಚಾದವು. ಎಲ್ಲರೆದುರು ಹೊಗಳಿಸಿಕೊಂಡ ದಾಕ್ಷಾಯಿಣಿಯ ಕಾಲು ನೆಲದ ಮೇಲಿರಲಿಲ್ಲ.

ಕಟ್ಟಡ ಮುಗಿದು ಕೀಲಿ ಕೊಡುವ ದಿನ ಬಂತು. ಸೀರೆ ಉಟ್ಟು, ಬಂದವರಿಗೆ ಹೂವು ಕೊಡುತ್ತ ನಿಂತಿದ್ದಳು. ಬಸ್ ಡ್ರೈವರ್ ಆಗಿ ರಿಟೈರ್ ಆದ ಫಕ್ಕೀರಪ್ಪ ಎಂಬ ಹಿರಿಯರು ಹೆಂಡತಿ ಶಾಂತವ್ವನ ಕೈಹಿಡಿದುಕೊಂಡು ಅವಳ ಹತ್ತಿರ ಬಂದರು.

"ತಂಗಿ, ಕಟ್ಟೂವಾಗ ಒಳಗ ಬಿಡಲಿಲ್ಲ, ಇವತ್ತ ಕಟ್ಟಡದ ಸುತ್ತ ತಿರುಗಿ ಬಂದ್ನಿ. ಬೇವಿನ ಗಿಡ ಯಾವ ಕಡೆ ಐತಿ?"

ದಾಕ್ಷಾಯಿಣಿ ಗೇಟಿನ ಫ್ಲೆಕ್ಸಿನ ಕಡೆ ಕಣ್ಣು ಹಾಯಿಸಿದಳು.

"ಅದು... ಮುಂದ ಹಚ್ಚತಾರ್ರಿ ಅಜ್ಜಾರ." ಸುಳ್ಳು ತಾನಾಗಿ ಬಾಯಿಗೆ ಬಂದುಬಿಟ್ಟಿತು.

"ಹಚ್ಚೂದಲ್ಲವಾ, ದೊಡ್ಡ ಗಿಡ, ಕಟ್ಟಿ ಸಹಿತ ಇತ್ತು. ಈಕಿಗೆ ಮರೆವಿನ ಬ್ಯಾನಿ. ಒಮ್ಮೊಮ್ಮೆ ನನ್ನ ಗುರ್ತನೂ ಸಿಗಂಗಿಲ್ಲ. ಆದ್ರ ಹಳೇ ಬಾಡಿಗಿ ಮನಿ ಮುಂದಿನ ಬೇವಿನ ಗಿಡ ಮರತಿಲ್ಲ. ರಸ್ತೆ ಅಗಲ ಮಾಡಾಕ ಅದನ್ನ ಕಡದ್ರು. ಅವತ್ತಿಂದ ಗಿಡ ಹುಡಿಕ್ಕೊಂಡು ಮನಿ ಬಿಟ್ಟು ಹೊಂಟಬಿಡತಾಳ. ಗಿಡದ ಬುಡಕ ಕುಂತ್ರ ಎಲ್ಲೂ ಹೋಗಂಗಿಲ್ಲ... ಅದಕ್ಕ ಈ ಮನಿ ತಗೊಂಡ್ನಿ."

ದಾಕ್ಷಾಯಿಣಿ ಕೈಯಲ್ಲಿದ್ದ ಹೂವು ಬದಿಗಿಟ್ಟಳು.

"ಅಜ್ಜಾರ... ಅದು ಫೋಟೋ ಅಲ್ರಿ. ಕಂಪ್ಯೂಟರ್‌ನ್ಯಾಗ ಮಾಡಿದ್ದು. ಆ ಗಿಡ... ನಾನ ಹಾಕಿದ್ದು."

ಫಕ್ಕೀರಪ್ಪ ಜೇಬಿನಿಂದ ಮಡಚಿ ಮಡಚಿ ಸವೆದ ಬ್ರೋಷರ್ ತೆಗೆದು ಬಿಚ್ಚಿದರು.

"ಚಂದ ಚಂದ ಚಿತ್ರ ಭಾಳ ನೋಡೇನಿ ತಂಗಿ, ಯಾವೂ ನಂಬಿದಾಂವ ಅಲ್ಲ. ಇದರಾಗ ಈ ಚಪ್ಪಲಿ ಅದಾವ ನೋಡು... ಸುಳ್ಳು ಚಿತ್ರದಾಗ ಯಾರರ ಹಳೇ ಚಪ್ಪಲಿ ಇಡತಾರೇನು ಅಂತ ನಂಬಿದ್ನಿ."

ಭೂಮಿ ಬಾಯ್ಬಿಟ್ಟರೆ ಇಳಿದುಹೋಗೋಣ ಅನ್ನಿಸಿತು ಅವಳಿಗೆ. ಯಾವ ಚಪ್ಪಲಿಗಾಗಿ ಬೆನ್ನು ತಟ್ಟಿಸಿಕೊಂಡಿದ್ದಳೋ, ಈ ಮುದುಕರಿಗೆ ಮೋಸ ಮಾಡಿದ್ದೂ ಅದೇ.

ಅಷ್ಟರಲ್ಲಿ ನೋಡಿದರೆ ಶಾಂತವ್ವ ಪಕ್ಕದಲ್ಲಿಲ್ಲ.

ಇಬ್ಬರೂ ಗಾಬರಿಯಿಂದ ಗೇಟಿನ ಕಡೆ ಓಡಿದರು... ಅಲ್ಲಿದ್ದಳು ಶಾಂತವ್ವ.

ಬಣ್ಣ ಮಾಸಿದ ಆ ಫ್ಲೆಕ್ಸಿನ ಮುಂದೆ, ಚಿತ್ರದ ಚಪ್ಪಲಿಯ ಪಕ್ಕದಲ್ಲೇ ತನ್ನ ಚಪ್ಪಲಿ ಬಿಟ್ಟಿದ್ದಳು. ಚಿತ್ರದ ಮರಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ, ಕಾದ ನೆಲದ ಮೇಲೆ ಕೂತಿದ್ದಳು. ನೆತ್ತಿಯ ಮೇಲೆ ಸುಡು ಬಿಸಿಲು. ಹಣೆಯಿಂದ ಬೆವರು ಇಳಿಯುತ್ತಿತ್ತು, ಮುಖದಲ್ಲಿ ಮಾತ್ರ ನಗು.

"ಬರ್ರಿ, ಕುಂದರ್ರಿ," ಅಂದಳು ಗಂಡನಿಗೆ. "ಭಾಳ ತಂಪೈತಿ ಇಲ್ಲೆ."

ಫಕ್ಕೀರಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು.

ದಾಕ್ಷಾಯಿಣಿ ಓಡಿಹೋಗಿ ಬಿಸಿಲಿಗೆ ಅಡ್ಡ ನಿಂತಳು. ಸೆರಗನ್ನು ಎರಡೂ ಕೈಯಲ್ಲಿ ಅಗಲ ಮಾಡಿ ಹಿಡಿದಳು. ಒಂದಿಷ್ಟು ನೆರಳು ಅಜ್ಜಿಯ ಮುಖದ ಮೇಲೆ ಬಿತ್ತು.

ಶಾಂತವ್ವ ತಲೆ ಎತ್ತಿ ಅವಳನ್ನು ನೋಡಿದಳು.

"ಪಾಪ... ಬಿಸಿಲಾಗ ಯಾಕ ನಿಂತಿ ಯವ್ವಾ? ನೀನೂ ನೆರಳಿಗೆ ಬಾ."

ದಾಕ್ಷಾಯಿಣಿ ಅಲ್ಲೇ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು.

ಗದ್ದಲ ಕೇಳಿ ಬಂದ ಮಾಲೀಕರು ಮಾತ್ರ, "ಕೆಳಗ ಬರದೇವಲ್ಲ, ಕಾಲ್ಪನಿಕ ಅಂತ. ನಮ್ಮದೇನು ತಪ್ಪು?" ಅಂದರು.

"ಅವ್ರಿಗೆ ಆ ಅಕ್ಷರ ಕಾಣಲಿಲ್ರಿ ಸರ್... ಚಪ್ಪಲಿ ಕಂಡ್ವು," ಅಂದಳು ದಾಕ್ಷಾಯಿಣಿ.

ಅಪಾರ್ಟ್‌ಮೆಂಟಿನ ಅಂಗಳದಲ್ಲಿ, ಫಕ್ಕೀರಪ್ಪನ ಮನೆಯ ಎದುರು ಅವಳೇ ಒಂದು ಬೇವಿನ ಸಸಿ ನೆಟ್ಟಳು. ಈಗ ಮೊಣಕಾಲೆತ್ತರ. ಅದು ನೆರಳು ಕೊಡುವ ಹೊತ್ತಿಗೆ ಶಾಂತವ್ವ ಇರುತ್ತಾಳೋ ಇಲ್ಲವೋ... ಅದು ದಾಕ್ಷಾಯಿಣಿಗೂ ಗೊತ್ತು. ಭಾನುವಾರ ಬಂದರೆ ಕೊಡೆ ಹಿಡಿದುಕೊಂಡು ಅಜ್ಜಿಯ ಪಕ್ಕ ಕೂರುತ್ತಾಳೆ. ಕ್ಷಮೆ ಕೇಳೋಣವೆಂದರೆ, ಆದದ್ದು ಅಜ್ಜಿಗೆ ನೆನಪೇ ಇಲ್ಲ.

ಈಗಲೂ ಚಿತ್ರ ಮಾಡುತ್ತಾಳೆ. ಆದರೆ ಮೊದಲು ಸೈಟಿಗೆ ಹೋಗಿ ನೋಡುತ್ತಾಳೆ, ಇಲ್ಲದ್ದನ್ನು ಹಾಕುವುದಿಲ್ಲ. "ಚಿತ್ರ ಬೋಳು ಕಾಣಸ್ತೈತಿ" ಅಂತ ಯಾರಾದರೂ ಅಂದರೆ, "ಅಲ್ಲಿ ಬೋಳ ಐತ್ರಿ" ಅನ್ನುತ್ತಾಳೆ.

ನಿಜದಂತೆ ಕಾಣುವ ಸುಳ್ಳು ಮೊದಲು ಸುಡುವುದು ನಮ್ಮನ್ನು ನಂಬಿ ಬಂದು ಕೂತವರನ್ನೇ.

ನಾವೂ ಯಾರಿಗೋ ಒಂದು ನೆರಳು ತೋರಿಸಿರುತ್ತೇವೆ... ಅವರು ಚಪ್ಪಲಿ ಬಿಟ್ಟು ಕೂರಲು ಬಂದ ದಿನ, ಅಲ್ಲಿ ಮರ ಇರುತ್ತದೆಯೇ?